ಇಸ್ಪೀಟು ಎಲೆ ಕಂಡುಹಿಡಿದದ್ದು ಮೈಸೂರು ಮಹಾರಾಜರಾ? ಮುಮ್ಮಡಿ ಕೃಷ್ಣರಾಜ ಒಡೆಯರ ನಿಜವಾದ ಕಥೆ

ಚಿಂತಾಮಣಿಯ ಓದುಗರೊಬ್ಬರು ತಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದ ಒಂದು ಫಾರ್ವರ್ಡ್ ನಮಗೆ ಕಳಿಸಿ, ಇದು ನಿಜವಾ ನೋಡಿ ಹೇಳಿ ಅಂದರು. ಇಸ್ಪೀಟು ಎಲೆಗಳು 52, ವರ್ಷಕ್ಕೆ ವಾರಗಳೂ 52. ಬಣ್ಣ ನಾಲ್ಕು, ಕಾಲ ನಾಲ್ಕು. ಎಲ್ಲ ಎಲೆಗಳ ಅಂಕಿ ಕೂಡಿದರೆ 364, ಜೋಕರ್ ಸೇರಿಸಿದರೆ 365. ಆದ್ದರಿಂದ ಇದು ನಮ್ಮ ಪಂಚಾಂಗವೇ. ಇದನ್ನು ಮಾಡಿದ್ದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಬ್ರಿಟಿಷರು ಕದ್ದು ತಮ್ಮ ಹೆಸರು ಹಾಕಿಕೊಂಡರು. ಕೊನೆಗೆ ಎಂದಿನಂತೆ, ಹೆಮ್ಮೆಯ ಕನ್ನಡಿಗರಾದರೆ ಹತ್ತು ಜನಕ್ಕೆ ಕಳಿಸಿ.

ಲೆಕ್ಕ ಸರಿಯಾಗಿದೆ. ಒಂದರಿಂದ ಹದಿಮೂರರವರೆಗೆ ಕೂಡಿದರೆ 91, ಅದನ್ನು ನಾಲ್ಕರಿಂದ ಗುಣಿಸಿದರೆ 364. ಆದರೆ ಲೆಕ್ಕ ಸರಿಹೋದ ಮಾತ್ರಕ್ಕೆ ಕಥೆ ನಿಜ ಆಗುವುದಿಲ್ಲ. ಜೋಕರ್ ಎಲೆ ಕಟ್ಟಿಗೆ ಸೇರಿದ್ದು 1860ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ಅದಕ್ಕೂ ಮೊದಲು ವರ್ಷಕ್ಕೆ ಒಂದು ದಿನ ಕಡಿಮೆ ಇತ್ತಾ? ನಾಲ್ಕು ಬಣ್ಣದ 52 ಎಲೆಯ ಕಟ್ಟು ಈಜಿಪ್ಟಿನ ಮಾಮ್ಲೂಕ್ ದೊರೆಗಳ ಕಾಲದಲ್ಲೇ ಇತ್ತು. ಅದರ ಒಂದು ಕಟ್ಟು ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಯುರೋಪಿಗೆ ಎಲೆಯಾಟ ಹೋದದ್ದು 1370ರ ಹೊತ್ತಿಗೆ. ನಮ್ಮ ದೇಶದ ಹಳೆಯ ಎಲೆಗಳ ಹೆಸರು ಗಂಜೀಫಾ. ಅದನ್ನು 1527ರಲ್ಲಿ ಬಾಬರ್ ಸಿಂಧ್‌ನ ಗೆಳೆಯನಿಗೆ ಉಡುಗೊರೆಯಾಗಿ ಕಳಿಸಿದ್ದ. ಆ ಕಟ್ಟುಗಳಲ್ಲಿ 96 ಎಲೆ, ದಶಾವತಾರದ ಕಟ್ಟಾದರೆ 120. ಇವಕ್ಕೂ ವಾರಕ್ಕೂ ಯಾವ ಸಂಬಂಧವೂ ಇಲ್ಲ. ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ.

ಅಲ್ಲಿಗೆ ಫಾರ್ವರ್ಡ್ ಸುಳ್ಳು ಅಂತ ಬರೆದು ಮುಗಿಸಬಹುದಿತ್ತು. ಆದರೆ ಹುಡುಕುತ್ತಾ ಹೋದಾಗ ನಮಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಈ ಮನುಷ್ಯ ನಿಜಕ್ಕೂ ಎಲೆಗಳನ್ನು ಮಾಡಿಸಿದ್ದರು, ಹೊಸ ಆಟಗಳನ್ನೇ ಕಟ್ಟಿದ್ದರು. ಮಾಡದೇ ಇದ್ದುದಕ್ಕೆ ಹೊಗಳಿ, ಮಾಡಿದ್ದನ್ನು ಮರೆಯುವುದು ಎಂಥ ಅಭಿಮಾನ?

ಐದು ವರ್ಷದ ರಾಜ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು. ಗೆದ್ದ ಕಂಪನಿ ಸರ್ಕಾರ ಮೈಸೂರಿನ ಗದ್ದುಗೆಗೆ ಹಳೆಯ ಒಡೆಯರ ಮನೆತನದ ಮಗುವನ್ನು ಹುಡುಕಿತು. ತಂದೆ ಖಾಸಾ ಚಾಮರಾಜ ಒಡೆಯರು ಆಗಲೇ ತೀರಿಕೊಂಡಿದ್ದರು. ಮಗುವನ್ನು ಸಾಕಿದ್ದು ಅಜ್ಜಿ ಲಕ್ಷ್ಮಮ್ಮಣ್ಣಿ. ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ ಐದು ವರ್ಷದ ಹುಡುಗನಿಗೆ ಪಟ್ಟ ಕಟ್ಟಿದರು. ಕೂರಿಸಲು ಅಲ್ಲಿ ಅರಮನೆ ಉಳಿದಿರಲಿಲ್ಲ.

ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡಬೇಕೆಂಬ ಕರಾರು. ಮಳೆ ಬರಲಿ, ಬಾರದಿರಲಿ. ಅದೇ ಕರಾರಿನಲ್ಲಿ ಇನ್ನೊಂದು ಕಲಮು ಇತ್ತು, ಆಡಳಿತ ಕೆಟ್ಟರೆ ಕಂಪನಿ ರಾಜ್ಯವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು. 1811ರಲ್ಲಿ ಪೂರ್ಣಯ್ಯ ಇಳಿದರು, ಹದಿನೇಳರ ಯುವಕನ ಕೈಗೆ ಅಧಿಕಾರ ಬಂತು. ಮುಂದಿನ ಇಪ್ಪತ್ತು ವರ್ಷ ಚೆನ್ನಾಗಿ ನಡೆಯಲಿಲ್ಲ. ದುಂದು ಖರ್ಚು, ಇನಾಮು, ಗುತ್ತಿಗೆದಾರರ ಕಾಟ ಎಲ್ಲವೂ ಇತ್ತು, ಇದನ್ನು ಮುಚ್ಚಿಟ್ಟು ಬರೆಯಲು ನಮಗೆ ಮನಸ್ಸಿಲ್ಲ. 1830ರಲ್ಲಿ ನಗರದ ಕಡೆ ರೈತರು ದಂಗೆ ಎದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಹಳೆಯ ಕಲಮು ಹಿಡಿದು ಆಡಳಿತ ಕಿತ್ತುಕೊಂಡ.

ರಾಜರಿಗೆ ಆಗ 37 ವರ್ಷ. ಬಿರುದು ಉಳಿಯಿತು, ಅರಮನೆ ಉಳಿಯಿತು, ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಕಂದಾಯದ ಐದನೇ ಒಂದು ಪಾಲು ಕೊಡುವುದಾಯಿತು. ಕೆಲಸ ಮಾತ್ರ ಇರಲಿಲ್ಲ. 1834ರಿಂದ 1861ರವರೆಗೆ ರಾಜ್ಯ ನಡೆಸಿದ್ದು ಕಮಿಷನರ್ ಮಾರ್ಕ್ ಕಬ್ಬನ್. ನಂದಿಬೆಟ್ಟಕ್ಕೆ ಹೋದವರು ಅಲ್ಲಿ ಕಬ್ಬನ್ ಹೌಸ್ ನೋಡಿರುತ್ತೀರಿ, ಅದೇ ಕಬ್ಬನ್. ಆಮೇಲೆ 1863ರಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿಸಿ ನಂದಿದುರ್ಗ ವಿಭಾಗ ಅಂತಲೇ ಮಾಡಿದರು. ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಆಗ ಕೋಲಾರಕ್ಕೇ ಸೇರಿದ್ದವು, ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಮ್ಮ ಮುತ್ತಾತನ ಮುತ್ತಾತಂದಿರಿಗೆ ರಾಜರು ಅಂದರೆ ಮುಮ್ಮಡಿಯವರೇ, ಆದರೆ ಕಂದಾಯದ ಹುಕುಂ ಬರುತ್ತಿದ್ದುದು ಕಮಿಷನರ್ ಕಚೇರಿಯಿಂದ.

ಎಲೆಗಳ ಲೋಕ

ಹೀಗೆ ಕೈ ಕಟ್ಟಿ ಕೂರಿಸಿದ ಮನುಷ್ಯ ಏನು ಮಾಡಿದರು? ಒಂದು ಕಡೆ ರಾಜ್ಯ ವಾಪಸ್ ಕೊಡಿ ಅಂತ ಕಲ್ಕತ್ತಾಗೆ, ಲಂಡನ್ನಿಗೆ ಅರ್ಜಿ ಮೇಲೆ ಅರ್ಜಿ. ಇನ್ನೊಂದು ಕಡೆ ಪಂಡಿತರು, ಚಿತ್ರಕಾರರು, ಸಂಗೀತಗಾರರನ್ನು ಕೂಡಿಸಿ ಪುಸ್ತಕ, ಚಿತ್ರ, ಆಟ. ಇದರ ದೊಡ್ಡ ಫಲ ಶ್ರೀತತ್ತ್ವನಿಧಿ ಎಂಬ ಚಿತ್ರಸಹಿತ ಗ್ರಂಥ. ಅದರಲ್ಲಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. ಯೋಗದ 122 ಆಸನಗಳ ಚಿತ್ರ ಇರುವುದೂ ಅದರಲ್ಲೇ, ಎಲೆಯಾಟದ ವಿವರ ಇರುವುದೂ ಅದರಲ್ಲೇ.

ಈ ಎಲೆಯಾಟಗಳ ಹೆಸರು ಛದ. ಸಂಸ್ಕೃತದಲ್ಲಿ ಛದ ಅಂದರೆ ಎಲೆ. ನಾವು ಇಂದಿಗೂ ಇಸ್ಪೀಟು ಎಲೆ ಅನ್ನುತ್ತೇವಲ್ಲ, ಹಾಗೆ. ಮುಮ್ಮಡಿಯವರು ಒಂದೆರಡಲ್ಲ, ಹದಿಮೂರು ಬಗೆ ಮಾಡಿದರು. ಚಾಮುಂಡೇಶ್ವರಿ ಛದ, ನವಗ್ರಹ ಛದ, ಕೃಷ್ಣರಾಜ ಛದ ಹೀಗೆ ಹೆಸರುಗಳು. ಹಳೆಯ ಗಂಜೀಫಾದಲ್ಲಿ ಒಂದು ಬಣ್ಣಕ್ಕೆ ಹನ್ನೆರಡು ಎಲೆ, ಅಂದರೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ. ಇವರ ಛದದಲ್ಲಿ ಸಾಮಾನ್ಯವಾಗಿ ಒಂದು ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಚಿತ್ರದ ಎಲೆ, ಒಟ್ಟು ಹದಿನೆಂಟು. ಹನ್ನೆರಡು ಬಣ್ಣದ ಕಟ್ಟಾದರೆ 216 ಎಲೆ ಆಯಿತು. ಅತಿ ದೊಡ್ಡ ಕಟ್ಟುಗಳು 360ರವರೆಗೆ ಹೋಗುತ್ತವೆ. ಯಾವ ಎಲೆಯ ಜಾಗಕ್ಕಾದರೂ ಆಡಬಹುದಾದ ವಿಶೇಷ ಎಲೆಗಳೂ ಇದ್ದವು.

360 ಎಲೆ ಕೈಯಲ್ಲಿ ಹಿಡಿಯುವುದು ಹೇಗೆ? ನಮಗೂ ಅದೇ ಅನುಮಾನ. ಈ ಆಟಗಳು ಅರಮನೆಯ ಹೊರಗೆ ಹಬ್ಬಿದಂತೆ ಕಾಣುವುದಿಲ್ಲ. ಒಂದೊಂದು ಎಲೆಯನ್ನೂ ಕೈಯಲ್ಲೇ ಬರೆಯಬೇಕು, ಒಂದು ಕಟ್ಟಿಗೆ ನೂರಾರು ಪುಟ್ಟ ಚಿತ್ರ. ಹಳ್ಳಿಯ ಜಗಲಿಯಲ್ಲಿ ಆಡುವವನಿಗೆ ಇದು ಎಟುಕುವ ಮಾತಲ್ಲ. ಹೊರಗಿನಿಂದ ಅಗ್ಗದ ಅಚ್ಚಿನ ಎಲೆ ಬಂದ ಮೇಲಂತೂ ಕೈಯಲ್ಲಿ ಬರೆದ ಎಲೆ ಸೋಲಲೇಬೇಕಿತ್ತು. ಅದನ್ನು ಕಳ್ಳತನ ಅನ್ನಲಾಗದು.

ಚದುರಂಗದಲ್ಲೂ ಅವರಿಗೆ ಇದೇ ಹುಚ್ಚು. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಕಾಲಿಡಿಸಿ ಸುತ್ತಿಸುವ ಒಗಟಿಗೆ ಅವರು ಕಟ್ಟಿದ ಉತ್ತರಗಳು ಆ ವಿಷಯದ ಪುಸ್ತಕಗಳಲ್ಲಿ ಇಂದಿಗೂ ಬರುತ್ತವೆ. ಕುದುರೆ ಇಟ್ಟ ಹೆಜ್ಜೆಗೆ 1ರಿಂದ 64ರವರೆಗೆ ನಂಬರ್ ಹಾಕಿದರೆ ಒಟ್ಟು 2080. ಎಂಟು ಸಾಲಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಸಾಲು, ಕಂಬ, ಎರಡು ಕರ್ಣ ಎಲ್ಲವೂ 260 ಬರುವಂತೆ ಕುದುರೆ ಸುತ್ತಿಸಲು ಸಾಧ್ಯವೇ ಇಲ್ಲ ಅಂತ 2003ರಲ್ಲಿ ಕಂಪ್ಯೂಟರ್ ಎರಡು ತಿಂಗಳು ಲೆಕ್ಕ ಹಾಕಿ ತೋರಿಸಿತು. ಹಾಗಾಗಿ ಮಹಾರಾಜರು ಅದನ್ನೂ ಸಾಧಿಸಿದ್ದರು ಅಂತ ಮುಂದೆ ಯಾವುದಾದರೂ ಫಾರ್ವರ್ಡ್ ಬಂದರೆ ನಂಬಬೇಡಿ. 1861ರಲ್ಲಿ ಅವರು ಕಟ್ಟಿಸಿದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಗೋಡೆ ತುಂಬ ಆಟದ ಮಣೆಗಳ ಚಿತ್ರ ಇದೆ. ಹೋದಾಗ ಕೆಳಗಿನ ವರ್ಣಚಿತ್ರಗಳನ್ನು ಮಾತ್ರ ನೋಡಿ ಬರಬೇಡಿ, ಮೇಲೂ ಹತ್ತಿ.

ಹುಣಸೆ ಬೀಜದ ಗುಟ್ಟು

ಗಂಜೀಫಾ ಎಲೆಗಳನ್ನು ದಂತ, ಆಮೆ ಚಿಪ್ಪು, ಮರ, ಕಾಗದ, ಬಟ್ಟೆ ಹೀಗೆ ನಾನಾ ವಸ್ತುಗಳಲ್ಲಿ ಮಾಡುತ್ತಿದ್ದರು. ದಂತ ದೊರೆಗಳಿಗೆ, ಬಟ್ಟೆ ಉಳಿದವರಿಗೆ. ಹಳೆ ಬಟ್ಟೆಗೆ ಹುಣಸೆ ಬೀಜದ ಸರಿ ಬಳಿದು, ಪದರದ ಮೇಲೆ ಪದರ ಅಂಟಿಸಿ, ಸೀಮೆಸುಣ್ಣ ಹಚ್ಚಿ, ಉಜ್ಜಿ ನಯ ಮಾಡಿ, ದುಂಡಗೆ ಕತ್ತರಿಸಿ, ಬಣ್ಣ ಬರೆದು, ಅರಗಿನ ಮೆರುಗು ಕೊಡುವುದು. ಇದು ನಮ್ಮವರಿಗೆ ಹೊಸದೇನಲ್ಲ. ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತವೂ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಸಿದ್ದೇ, ಬಳಪದಲ್ಲಿ ಬರೆಯುತ್ತಿದ್ದರು. ತಾಲ್ಲೂಕು ಕಚೇರಿಯಲ್ಲಿ ಫೈಲಿಗೆ ಕಡತ ಅನ್ನುವ ಮಾತು ಅಲ್ಲಿಂದಲೇ ಬಂದದ್ದು.

ಹುಣಸೆ ಬೀಜವೇ ಏಕೆ? ಅದರ ಬಿಳಿ ತಿರುಳಿನಲ್ಲಿ ಜೈಲೋಗ್ಲೂಕಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿ ಇದೆ. ಹತ್ತಿ ಬಟ್ಟೆ, ಕಾಗದ ಎರಡೂ ಮೂಲತಃ ಸೆಲ್ಯುಲೋಸ್. ಗಿಡದ ಜೀವಕೋಶದ ಗೋಡೆಯಲ್ಲಿ ಜೈಲೋಗ್ಲೂಕಾನ್ ಇರುವುದೇ ಸೆಲ್ಯುಲೋಸ್ ಎಳೆಗಳಿಗೆ ಅಂಟಿಕೊಂಡು. ಆದ್ದರಿಂದ ಬಟ್ಟೆಗೆ, ಕಾಗದಕ್ಕೆ ಅದು ಚೆನ್ನಾಗಿ ಹಿಡಿಯುತ್ತದೆ. ಜವಳಿ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಪುಡಿ ಬಳಸುವುದೂ ಇದಕ್ಕೇ. ನಮ್ಮ ಕಡೆ ಹುಣಸೆಗೇನು ಬರ? ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಬೀಜವನ್ನು ಮಾತ್ರ ತಿಪ್ಪೆಗೆ ಎಸೆಯುತ್ತೇವೆ.

ನಾವೂ ಒಮ್ಮೆ ಮಾಡಿ ನೋಡಿದೆವು. ಬೀಜ ಹುರಿದು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ ಗಂಜಿ ಕಾಯಿಸಿದೆವು. ಮೊದಲ ಸಲ ತಳ ಹಿಡಿದು ಪಾತ್ರೆ ಹೋಯಿತು, ಅಮ್ಮನ ಬೈಗುಳ ಬೇರೆ. ಎರಡನೇ ಸಲ ಹಳೆ ಪಂಚೆಯ ಮೂರು ಪದರ ಅಂಟಿಸಿ ಬಿಸಿಲಿಗೆ ಇಟ್ಟೆವು. ಎರಡು ದಿನದಲ್ಲಿ ರಟ್ಟಿನಂತಾಯಿತು. ದುಂಡಗೆ ಕತ್ತರಿಸಲು ಕತ್ತರಿ ಸೋತಿತು, ಗೌರಿಬಿದನೂರಿನಲ್ಲಿ ಚರ್ಮದ ಕೆಲಸ ಮಾಡುವವರ ಹತ್ತಿರ ಕಬ್ಬಿಣದ ದುಂಡು ಪಂಚು ಕೇಳಿ ತಂದು ಸುತ್ತಿಗೆಯಲ್ಲಿ ಹೊಡೆದೆವು. ಆಗ ಅಂಚು ಸರಿಯಾಗಿ ಬಂತು. ಈಗ ಹುಟ್ಟುಹಬ್ಬದ ಕಾರ್ಡು ಮಾಡುವ ಹುಡುಗಿಯರು ಆನ್‌ಲೈನಿನಲ್ಲಿ ತರಿಸುವ ಡೈ ಕೂಡ ಇದೇ ಕೆಲಸದ್ದು. ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವಿನ ಅಚ್ಚು, ಶಿಡ್ಲಘಟ್ಟದಿಂದ ತಂದ ತೂತು ಗೂಡು ಕತ್ತರಿಸಿ ಅಂಟಿಸಿದರೆ ದಳ. ಹನ್ನೆರಡು ಎಲೆ ಮಾಡಲು ನಾಲ್ಕು ಭಾನುವಾರ ಬೇಕಾಯಿತು. 360 ಅಂದರೆ ಏನು ಅಂತ ಆಗ ಅರ್ಥವಾಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಕಾಲದ ಬಣ್ಣವೆಲ್ಲ ಪ್ರಕೃತಿಯದ್ದು, ಮಕ್ಕಳು ಬಾಯಿಗೆ ಹಾಕಿಕೊಂಡರೂ ಏನಾಗದು ಅಂತ ಇನ್ನೊಂದು ಫಾರ್ವರ್ಡ್ ಓಡಾಡುತ್ತದೆ. ತಪ್ಪು. ನಮ್ಮ ಚಿತ್ರಕಾರರು ಬಳಸುತ್ತಿದ್ದ ಕೆಂಪಾದ ಇಂಗುಲೀಕದಲ್ಲಿ ಪಾದರಸ ಇದೆ, ಹಳದಿಯ ಹರಿದಳದಲ್ಲಿ ಆರ್ಸೆನಿಕ್ ಇದೆ. ಎರಡೂ ಮಣ್ಣಿನಿಂದಲೇ ಬಂದ ವಿಷ. ಗಂಜಿಗೆ ಹುಳು ಬೀಳದಿರಲಿ ಅಂತ ಮೈಲುತುತ್ತ ಬೆರೆಸುವ ಸಲಹೆಯೂ ಸಿಗುತ್ತದೆ, ಮಕ್ಕಳಿರುವ ಮನೆಯಲ್ಲಿ ಬೇಡ. ಗಂಜಿಯನ್ನು ಅವತ್ತಿಗೆ ಬೇಕಾದಷ್ಟೇ ಕಾಯಿಸಿ, ಉಳಿದರೆ ಚೆಲ್ಲಿ. ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು, ಇದ್ದಿಲು ಸಾಕು.

ಕೊನೆಯ ದಿನಗಳು

ಮುಮ್ಮಡಿಯವರನ್ನು ಆಟದಲ್ಲಿ ರಾಜ್ಯ ಕಳೆದುಕೊಂಡ ಸೋಮಾರಿ ಅಂತ ಬರೆದವರೂ ಇದ್ದಾರೆ. ದಿನಾಂಕ ನೋಡಿದರೆ ಆ ಮಾತು ಅಷ್ಟು ಸಲೀಸಾಗಿ ಒಪ್ಪುವಂಥದ್ದಲ್ಲ. ಛದಗಳ ಕೆಲಸ ಹತ್ತೊಂಬತ್ತನೇ ಶತಮಾನದ ನಡುಭಾಗದ್ದು, ಅಧಿಕಾರ ಹೋದದ್ದು 1831ರಲ್ಲಿ. ಮೊದಲ ಇಪ್ಪತ್ತು ವರ್ಷದ ತಪ್ಪುಗಳಿಗೆ ಅವರೇ ಹೊಣೆ, ಅದಕ್ಕೆ ಎಲೆಗಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಅವರ ನಿಜವಾದ ಪಂದ್ಯ ಬೇರೆಯೇ ಇತ್ತು. ಮಗನಿಲ್ಲದೆ ಸತ್ತರೆ ಮೈಸೂರು ಪೂರ್ತಿ ಬ್ರಿಟಿಷರದ್ದಾಗುವ ಭಯ. 1865ರಲ್ಲಿ, 70 ದಾಟಿದ ಮೇಲೆ, ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ಸರ್ಕಾರ ಮೊದಲು ಒಪ್ಪಲಿಲ್ಲ. ಲಂಡನ್ನಿನಲ್ಲಿ ಮಾತು ನಡೆದು 1867ರಲ್ಲಿ ತೀರ್ಮಾನ ದತ್ತುಪುತ್ರನ ಪರ ಬಂತು. ಮುಂದಿನ ವರ್ಷ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. 37 ವರ್ಷ ಕೇಳಿದರೂ ಅವರ ಕೈಗೆ ರಾಜ್ಯ ವಾಪಸ್ ಬರಲಿಲ್ಲ. ಬಂದದ್ದು 1881ರಲ್ಲಿ, ಆ ದತ್ತುಪುತ್ರನ ಕೈಗೆ.

ಛದ ಆಡುವವರು ಈಗ ಕಾಣಸಿಗುವುದು ಅಪರೂಪ. ಮೈಸೂರು ಗಂಜೀಫಾ ಚಿತ್ರಕಲೆಯನ್ನು ನಮ್ಮ ಕಾಲದಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಕಲಾವಿದ ರಘುಪತಿ ಭಟ್ಟರ ಹೆಸರು ದೊಡ್ಡದು. ಮೈಸೂರಿನ ಗಂಜೀಫಾ ಎಲೆಗೆ ಭೌಗೋಳಿಕ ಗುರುತಿನ ಟ್ಯಾಗ್ ಕೂಡ ಸಿಕ್ಕಿದೆ. ಚಿಂತಾಮಣಿಯ ಓದುಗರಿಗೆ ಇದನ್ನೆಲ್ಲ ಹೇಳಿದೆವು. ಅವರು ಗ್ರೂಪಿನಲ್ಲಿ ಹಾಕಿದರಂತೆ. ಹುಣಸೆ ಬೀಜ ಎಷ್ಟು ಹೊತ್ತು ನೆನೆಸಬೇಕು ಅಂತ ಮೂರು ಜನ ಕೇಳಿದ್ದಾರೆ. ಎಂಟು ಗಂಟೆ ಸಾಕು, ನೀರು ಒಂದು ಸಲ ಬದಲಾಯಿಸಿ.