ಬೆಣ್ಣೆ ಅಲ್ಲ, ಬಟರ್‌ವರ್ತ್

ಮ್ಯಾಟ್‌ಲ್ಯಾಬ್‌ನಲ್ಲಿ ಬಟರ್ ಅಂತ ಟೈಪ್ ಮಾಡಿ, ಬ್ರಾಕೆಟ್ ಒಳಗೆ ಎರಡು ನಂಬರ್ ಹಾಕಿದರೆ ಸಾಕು, ಫಿಲ್ಟರ್ ರೆಡಿ. ಗ್ರಾಫ್ ಬೆಣ್ಣೆ ಥರ ನುಣ್ಣಗೆ ಬರುತ್ತೆ, ಅದಕ್ಕೇ ಆ ಹೆಸರು ಅಂತ ಯಾರಾದ್ರೂ ಹೇಳಿದರೆ ನಂಬಿಬಿಡಬಹುದು. ಆದರೆ ಅದು ಬೆಣ್ಣೆ ಅಲ್ಲ, ಒಬ್ಬ ಮನುಷ್ಯನ ಅರ್ಧ ಹೆಸರು. ಪೂರ್ತಿ ಹೆಸರು ಸ್ಟೀಫನ್ ಬಟರ್‌ವರ್ತ್. ಮನೆಯ ಹೈಫೈ ಸೆಟ್‌ಗೆ ಡಿಜಿಟಲ್ ಕ್ರಾಸ್‌ಓವರ್ ಜೋಡಿಸಿದವರು ಅದರ ಮೆನುವಿನಲ್ಲಿ ಬಿಡಬ್ಲ್ಯೂ ಅನ್ನೋ ಎರಡು ಅಕ್ಷರ ನೋಡಿರ್ತೀರಿ. ಅದೂ ಇವರೇ. ಇಷ್ಟು ಕಡೆ ಹೆಸರಿರುವ ಮನುಷ್ಯ ಯಾರು, ಏನು ಮಾಡಿಕೊಂಡಿದ್ದರು ಅಂತ ಕೇಳಿದರೆ ಮಾತ್ರ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲ್ಲ.

ಬಟರ್‌ವರ್ತ್ ಹುಟ್ಟಿದ್ದು 1885ರ ಆಗಸ್ಟ್ 11ರಂದು, ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ. ಮ್ಯಾಂಚೆಸ್ಟರ್ ಹತ್ತಿರದ ಹತ್ತಿ ಗಿರಣಿಗಳ ಊರು ಅದು. 1904ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. ಆಗ ಅವರಿಗೆ ಹೆಚ್ಚು ಕಡಿಮೆ ನಮ್ಮದೇ ವಯಸ್ಸು. 1907ರಲ್ಲಿ ಫಿಸಿಕ್ಸ್ ಬಿಎಸ್ಸಿ ಮುಗಿಸಿದರು, ಜೊತೆಗೆ ಟೀಚರ್ ಸರ್ಟಿಫಿಕೇಟ್ ಕೂಡ ಪಡೆದರು. ಎರಡರಲ್ಲೂ ಫಸ್ಟ್ ಕ್ಲಾಸ್. ಮುಂದಿನ ವರ್ಷ ಎಂಎಸ್ಸಿ. ಅದೇ 1907ರಲ್ಲಿ ರದರ್‌ಫೋರ್ಡ್ ಆ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದಿದ್ದರು. ಪರಮಾಣುವಿನ ದೊಡ್ಡ ಕಥೆ ಅಲ್ಲೇ ಶುರುವಾಗುವುದರಲ್ಲಿತ್ತು. ಬಟರ್‌ವರ್ತ್ ಮಾತ್ರ ಅದೇ ಊರಿನ ಮುನಿಸಿಪಲ್ ಕಾಲೇಜ್ ಆಫ್ ಟೆಕ್ನಾಲಜಿಯಲ್ಲಿ ಲೆಕ್ಚರರ್ ಆದರು. 11 ವರ್ಷ ಫಿಸಿಕ್ಸ್ ಪಾಠ ಮಾಡಿದರು.

ಆಮೇಲೆ ಅವರು ಹೋದದ್ದು ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ. ಅಲ್ಲಿ ಅವರ ಕೆಲಸ ಇಂಡಕ್ಟೆನ್ಸ್ ಅಳೆಯೋದು. ಒಂದು ಹೆನ್ರಿ ಅಂದ್ರೆ ನಿಖರವಾಗಿ ಎಷ್ಟು ಅಂತ ತೀರ್ಮಾನ ಮಾಡೋದಕ್ಕೆ ಬೇಕಾದ ಲೆಕ್ಕ ಮತ್ತು ಪ್ರಯೋಗ. ಕೇಳೋಕೆ ಬೋರ್ ಅನಿಸುತ್ತೆ. ಆದರೆ ಒಂದು ಕಾಯಿಲ್ ಪುಸ್ತಕದಲ್ಲಿ ಇರುವ ಹಾಗೆ ನಿಜವಾಗಿ ಇರಲ್ಲ, ಅದಕ್ಕೆ ರೆಸಿಸ್ಟೆನ್ಸ್ ಇದೆ, ಫ್ರೀಕ್ವೆನ್ಸಿ ಏರಿದಂತೆ ಆ ರೆಸಿಸ್ಟೆನ್ಸ್ ಕೂಡ ಏರುತ್ತೆ ಅನ್ನೋದನ್ನ ಅವರಷ್ಟು ಚೆನ್ನಾಗಿ ತಿಳಿದವರು ಆ ಕಾಲದಲ್ಲಿ ಕಡಿಮೆ. 1926ರಲ್ಲಿ ಇದೇ ವಿಷಯದ ಮೇಲೆ, ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಕಾಯಿಲ್‌ಗಳ ರೆಸಿಸ್ಟೆನ್ಸ್ ಎಷ್ಟಾಗುತ್ತೆ ಅಂತ ಲೇಖನ ಬರೆದರು. ಅಷ್ಟರಲ್ಲಿ, 1921ರಲ್ಲೇ, ಅವರು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ಟಿ ರಿಸರ್ಚ್ ಲ್ಯಾಬೊರೇಟರಿ ಸೇರಿಯಾಗಿತ್ತು. ರಿಟೈರ್ ಆಗೋವರೆಗೂ ಅಲ್ಲೇ ಇದ್ದರು.

ಈಗ 1930ಕ್ಕೆ ಬರೋಣ. ಎಕ್ಸ್‌ಪೆರಿಮೆಂಟಲ್ ವೈರ್‌ಲೆಸ್ ಅನ್ನೋ ಪತ್ರಿಕೆಯಲ್ಲಿ ಫಿಲ್ಟರ್ ಆಂಪ್ಲಿಫೈಯರ್‌ಗಳ ಬಗ್ಗೆ ಅವರ ಲೇಖನ ಬಂತು. ಬರೀ ಆರು ಪುಟ. ಆಗ ಫಿಲ್ಟರ್ ಡಿಸೈನ್ ಅಂದ್ರೆ ಬಹುಪಾಲು ಅನುಭವದ ಮೇಲೆ ನಡೀತಿದ್ದ ಕೆಲಸ. ಬೇಡದ ಫ್ರೀಕ್ವೆನ್ಸಿ ಕತ್ತರಿಸೋಕೆ ಹೋದರೆ ಬೇಕಾದ ಫ್ರೀಕ್ವೆನ್ಸಿಗಳೂ ಏರಿಳಿತ ಆಗ್ತಿದ್ದವು. ಒಂದು ಕೆಪಾಸಿಟರ್ ಬದಲಿಸಿದರೆ ಇನ್ನೆಲ್ಲೋ ಇದ್ದ ಕಾಯಿಲ್‌ನ ಲೆಕ್ಕ ತಪ್ಪುತ್ತಿತ್ತು.

ಬಟರ್‌ವರ್ತ್ ಹೊರಟಿದ್ದು ಒಂದು ಸರಳ ವಿಚಾರದಿಂದ. ಫಿಲ್ಟರ್ ಬೇಡದ್ದನ್ನ ತಡೆದರೆ ಮಾತ್ರ ಸಾಲದು, ಬೇಕಾದ್ದನ್ನ ಸಮಾನವಾಗಿ ಬಿಡಬೇಕು. ಗೋಡೆ ಥರ ನೇರವಾಗಿ ಕತ್ತರಿಸೋ ಫಿಲ್ಟರ್ ಮಾಡೋಕೆ ಯಾರಿಗೂ ಆಗಲ್ಲ. ಹಾಗಾದ್ರೆ ಯಾವುದನ್ನ ಬಿಟ್ಟುಕೊಡಬೇಕು? ಅವರು ಕಡಿದಾದ ಇಳಿಜಾರನ್ನ ಬಿಟ್ಟುಕೊಟ್ಟರು, ಪಾಸ್‌ಬ್ಯಾಂಡ್ ಸಮತಟ್ಟಾಗಿ ಇರೋದನ್ನ ಉಳಿಸಿಕೊಂಡರು. ಒಮೆಗಾದ 2ಎನ್ ಘಾತ ತಗೊಂಡು, 1 ಕೂಡಿಸಿ, ವರ್ಗಮೂಲ ತೆಗೆದು, ಅದರಿಂದ 1ನ್ನು ಭಾಗಿಸಿ. ಅಷ್ಟೇ ಫಾರ್ಮುಲಾ. ಎನ್ ಎಷ್ಟೇ ಇರಲಿ, ಕಟ್ಆಫ್ ಹತ್ತಿರ ಗೇನ್ ಬರೋಬ್ಬರಿ 3 ಡೆಸಿಬಲ್ ಇಳಿದಿರುತ್ತೆ. ಅಲ್ಲಿಂದಾಚೆಗೆ ಪ್ರತಿ ಆರ್ಡರ್‌ಗೆ ಆಕ್ಟೇವ್‌ಗೆ 6 ಡೆಸಿಬಲ್‌ನಂತೆ ಬೀಳುತ್ತೆ. ಆರ್ಡರ್ ಹೆಚ್ಚಿಸಿದಷ್ಟೂ ಆದರ್ಶಕ್ಕೆ ಹತ್ತಿರ ಹೋಗಬಹುದು, ಮುಟ್ಟೋಕಾಗಲ್ಲ.

ಫಾರ್ಮುಲಾ ಎಲ್ಲರಿಗೂ ಗೊತ್ತು. ಅವರು ಅದನ್ನ ಕಟ್ಟಿದ ರೀತಿ ಮಾತ್ರ ಯಾರೂ ಹೇಳಿಕೊಡಲ್ಲ. ಒಂದೂಕಾಲು ಇಂಚು ಅಗಲ, ಮೂರು ಇಂಚು ಉದ್ದದ ಸಿಲಿಂಡರ್ ಮೇಲೆ ಕಾಯಿಲ್ ಸುತ್ತಿದರು. ಅದಕ್ಕೆ ಬೇಕಾದ ಕೆಪಾಸಿಟರ್, ರೆಸಿಸ್ಟರ್‌ಗಳನ್ನ ಅದರ ಹೊಟ್ಟೆಯೊಳಗೇ ಇಟ್ಟು, ಪ್ಲಗ್ ಥರ ಸಿಕ್ಕಿಸೋ ಹಾಗೆ ಮಾಡಿದರು. ಒಂದು ವಾಲ್ವ್‌ಗೆ ಎರಡು ಪೋಲ್. ಮುಂದಿನ ಎರಡು ಪೋಲ್ ಬೇಕಾದರೆ ಇನ್ನೊಂದು ವಾಲ್ವ್. ಮಧ್ಯೆ ವಾಲ್ವ್ ಇರೋದರಿಂದ ಒಂದು ಹಂತ ಮಾಡಿದ ಕೆಲಸವನ್ನ ಮುಂದಿನ ಹಂತ ಕೆಡಿಸಲ್ಲ. ಇವತ್ತು ಡಿಎಸ್‌ಪಿ ಚಿಪ್ ಒಳಗೆ ನಾವು ಬರೆಯೋ ಸೆಕೆಂಡ್ ಆರ್ಡರ್ ಸೆಕ್ಷನ್‌ಗಳ ಸಾಲು ಕೂಡ ಇದೇ. ವಾಲ್ವ್ ಜಾಗದಲ್ಲಿ ಐದೈದು ಕೋಎಫಿಷಿಯೆಂಟ್‌ಗಳು ಬಂದಿವೆ.

ಇಂಥ ಲೇಖನ ಬರೆದ ಮನುಷ್ಯ ಆಮೇಲೆ ಹೆಸರು ಮಾಡಿರಬೇಕು ಅಂದುಕೊಳ್ತೀವಿ. ಹಾಗಾಗಲಿಲ್ಲ. ಅವರ ಫಿಲ್ಟರ್ ಎಲ್ಲೆಡೆ ಬಳಕೆಗೆ ಬರೋಕೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡೀತು. ನೌಕಾಪಡೆಗೆ ಮಾಡಿದ ಬಹುಪಾಲು ಕೆಲಸ ಸರ್ಕಾರಿ ಗುಟ್ಟಿನ ಕಾನೂನಿನ ಕೆಳಗೆ ಹೋಯಿತು. ಸಮುದ್ರದಡಿಯ ಕೇಬಲ್ ಸುತ್ತ ಹುಟ್ಟುವ ಫೀಲ್ಡ್, ನೀರೊಳಗಿನ ಸ್ಫೋಟ, ಟಾರ್ಪಿಡೋ ಓಲಾಡದ ಹಾಗೆ ಸಾಗೋದು, ಇವೆಲ್ಲ ಅವರ ಮೇಜಿನ ಮೇಲೆ ಇದ್ದ ಲೆಕ್ಕಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸಮುದ್ರದಲ್ಲಿ ಮ್ಯಾಗ್ನೆಟಿಕ್ ಮೈನ್ ಹಾಕಿತು. ಮೇಲೆ ಹೋಗುವ ಹಡಗಿನ ಕಬ್ಬಿಣ ಭೂಮಿಯ ಕಾಂತಕ್ಷೇತ್ರವನ್ನ ಸ್ವಲ್ಪ ಬದಲಿಸುತ್ತಲ್ಲ, ಅದಕ್ಕೇ ಸಿಡಿಯುವ ಮೈನ್. ಹಡಗಿನ ಸುತ್ತ ಕೇಬಲ್ ಸುತ್ತಿ, ಕರೆಂಟ್ ಹರಿಸಿ, ಆ ಬದಲಾವಣೆಯನ್ನೇ ಅಳಿಸಿಹಾಕೋದು ಡೀಗಾಸಿಂಗ್. ಬಟರ್‌ವರ್ತ್ ಆ ಮೈನ್‌ಗಳ ಮೇಲೂ ಡೀಗಾಸಿಂಗ್ ಮೇಲೂ ಕೆಲಸ ಮಾಡಿದರು. ಕಾಯಿಲ್ ಲೆಕ್ಕದ ಮನುಷ್ಯನಿಗೆ ಸಿಕ್ಕಿದ್ದು ಹಡಗಿನಷ್ಟು ದೊಡ್ಡ ಕಾಯಿಲ್. ಈ ಸಲ ಲೆಕ್ಕದ ಇನ್ನೊಂದು ತುದಿಯಲ್ಲಿ ಇದ್ದದ್ದು ನಾವಿಕರ ಜೀವ. 1942ರಲ್ಲಿ ಅವರಿಗೆ ಒಬಿಇ ಗೌರವ ಬಂತು.

ಆಗಲ್ಲ ಅಂತ ಬೇರೆಯವರು ಕೈಬಿಟ್ಟ ಲೆಕ್ಕಗಳನ್ನ ಬಿಡಿಸೋರು ಅನ್ನೋ ಹೆಸರು ಅವರಿಗಿತ್ತು. ಎಲ್ಲಿ ಅಂದಾಜು ಸಾಕು, ಎಲ್ಲಿ ಸಾಲದು ಅನ್ನೋದನ್ನ ಅವರು ಬಲ್ಲವರಾಗಿದ್ದರು. ಮೆತ್ತನೆ ಸ್ವಭಾವ, ಸಲಹೆ ಕೇಳಿ ಬಂದವರನ್ನ ವಾಪಸ್ ಕಳಿಸ್ತಿರಲಿಲ್ಲ. ಕೆಳಗೆ ಕೆಲಸ ಮಾಡಿದವರಿಗೆ ಅವರ ಮೇಲೆ ತುಂಬಾ ಗೌರವ. 1945ರಲ್ಲಿ ರಿಟೈರ್ ಆದರು. 1958ರ ಅಕ್ಟೋಬರ್ 28ರಂದು ಐಲ್ ಆಫ್ ವೈಟ್ ದ್ವೀಪದ ಕೌಸ್‌ನಲ್ಲಿ, ತಮ್ಮ ಮನೆಯಲ್ಲಿ ತೀರಿಕೊಂಡರು. 73 ವರ್ಷ. ಅದಕ್ಕೆ ಒಂದೂವರೆ ತಿಂಗಳು ಮುಂಚೆ, ಸೆಪ್ಟೆಂಬರ್ 12ರಂದು, ಅಮೆರಿಕದ ಡಲ್ಲಾಸ್‌ನಲ್ಲಿ ಜ್ಯಾಕ್ ಕಿಲ್ಬಿ ತಮ್ಮ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್ ಓಡಿಸಿ ತೋರಿಸಿದ್ದರು. ಬಟರ್‌ವರ್ತ್ ಲೆಕ್ಕವನ್ನ ಮುಂದೆ ಮನೆ ಮನೆಗೆ ತಂದದ್ದು ಅದೇ ವಂಶದ ಚಿಪ್‌ಗಳು.

ಮನೆಯ ಹೈಫೈ ಕಥೆ ಇಲ್ಲಿ ಬರುತ್ತೆ. ಸ್ಪೀಕರ್ ಡಬ್ಬಿಯೊಳಗೆ ಸಾಮಾನ್ಯವಾಗಿ ಕಾಯಿಲ್, ಕೆಪಾಸಿಟರ್‌ಗಳ ಕ್ರಾಸ್‌ಓವರ್ ಇರುತ್ತೆ. ಕಡಿಮೆ ಫ್ರೀಕ್ವೆನ್ಸಿ ವೂಫರ್‌ಗೆ, ಹೆಚ್ಚಿನದು ಟ್ವೀಟರ್‌ಗೆ. ಕಾಯಿಲ್‌ಗೆ ರೆಸಿಸ್ಟೆನ್ಸ್ ಇದೆ, 8 ಓಮ್ ಅಂತ ಬರೆದ ವೂಫರ್ ಎಲ್ಲ ಫ್ರೀಕ್ವೆನ್ಸಿಯಲ್ಲೂ 8 ಓಮ್ ಇರಲ್ಲ. ಲೆಕ್ಕ ಕೆಡುತ್ತೆ. ಡಿಜಿಟಲ್ ಕ್ರಾಸ್‌ಓವರ್ ಹಾಕೋದಾದ್ರೆ ಇದನ್ನ ತೆಗೆದು, ಪ್ರೀಆಂಪ್ ಆದಮೇಲೆ ಡಿಎಸ್‌ಪಿ ಬಾಕ್ಸ್ ಇಟ್ಟು, ಪ್ರತಿ ಡ್ರೈವರ್‌ಗೂ ಬೇರೆ ಆಂಪ್ ಕೊಡ್ತಾರೆ. ಎರಡು ಟೂ-ವೇ ಸ್ಪೀಕರ್‌ಗೆ ನಾಲ್ಕು ಆಂಪ್ ಚಾನೆಲ್ ಬೇಕು. ಒಂದು ಹಂತ ಇನ್ನೊಂದನ್ನ ಕೆಡಿಸಬಾರದು ಅನ್ನೋ 1930ರ ಮಾತೇ ಇದು.

ಆದರೆ ಬಟರ್‌ವರ್ತ್ ಒಂದು ಫಿಲ್ಟರ್‌ನ ಪ್ರಶ್ನೆ ಬಿಡಿಸಿದ್ದರು. ಸ್ಪೀಕರ್‌ನಲ್ಲಿ ಇರೋದು ಎರಡು ಫಿಲ್ಟರ್, ಅವು ಗಾಳಿಯಲ್ಲಿ ಕೂಡಬೇಕು. ಎರಡಕ್ಕೂ ಬಿಡಬ್ಲ್ಯೂ 24 ಹಾಕಿದರೆ ಕ್ರಾಸ್‌ಓವರ್ ಫ್ರೀಕ್ವೆನ್ಸಿಯಲ್ಲಿ ಎರಡೂ 3 ಡೆಸಿಬಲ್ ಕೆಳಗಿರುತ್ತವೆ, ಆದರೆ ಒಂದೇ ಫೇಸ್‌ನಲ್ಲಿ. ಕೂಡಿದಾಗ 3 ಡೆಸಿಬಲ್ ಗುಡ್ಡ. ಬಿಡಬ್ಲ್ಯೂ 12 ಹಾಕಿದರೆ 180 ಡಿಗ್ರಿ ವ್ಯತ್ಯಾಸ, ಅಲ್ಲಿ ದೊಡ್ಡ ಹಳ್ಳ. ಬಿಡಿಬಿಡಿಯಾಗಿ ಎರಡೂ ಸರಿ, ಕೂಡಿದರೆ ತಪ್ಪು. ಈ ಗಂಟು ಬಿಡಿಸಿದ್ದು ಹ್ಯೂಲೆಟ್ ಪ್ಯಾಕರ್ಡ್‌ನ ಇಬ್ಬರು ಇಂಜಿನಿಯರ್‌ಗಳು, ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ. 1976ರಲ್ಲಿ ಪ್ರಕಟವಾಯಿತು. ಎರಡು ಸೆಕೆಂಡ್ ಆರ್ಡರ್ ಬಟರ್‌ವರ್ತ್‌ಗಳನ್ನ ಒಂದರ ಹಿಂದೆ ಒಂದು ಇಡಿ. ಆಗ ಎರಡೂ ಬದಿ 6 ಡೆಸಿಬಲ್ ಇಳಿಯುತ್ತೆ, ಫೇಸ್ ಒಂದೇ, ಅರ್ಧ ಕೂಡಿಸು ಅರ್ಧ ಒಂದು. ಮೆನುವಿನಲ್ಲಿ ಎಲ್‌ಆರ್ 24 ಅಂತ ಇರೋದು ಅದೇ. ಅಲ್ಲಿ ಹೆಸರು ಬದಲಾಗಿದೆ, ಒಳಗಿರೋದು ಬಟರ್‌ವರ್ತ್ ಎರಡು ಸಲ.

ಮನೇಲಿ ಮಾಡೋರು ಇದ್ದರೆ ಮೂರು ಮಾತು. ಟ್ವೀಟರ್‌ಗೆ ಸೀರೀಸ್‌ನಲ್ಲಿ ಒಂದು ದೊಡ್ಡ ಬೆಲೆಯ ಕೆಪಾಸಿಟರ್ ಇರಲಿ. ಔಟ್‌ಪುಟ್ ಅದಲು ಬದಲಾಗಿ ಬಾಸ್ ಅಲ್ಲಿಗೆ ಹೋದರೆ ಟ್ವೀಟರ್ ಸುಟ್ಟುಹೋಗೋಕೆ ಹೆಚ್ಚು ಹೊತ್ತು ಬೇಡ. ಮೊದಲ ಸಲ ವಾಲ್ಯೂಮ್ ತೀರಾ ಕಡಿಮೆ ಇಟ್ಟು, ಯಾವ ಚಾನೆಲ್ ಎಲ್ಲಿಗೆ ಹೋಗ್ತಿದೆ ಅಂತ ನೋಡಿಕೊಳ್ಳಿ. ಡಿಲೇ ಮರೀಬೇಡಿ. ವೂಫರ್‌ನ ಸದ್ದು 2 ಸೆಂಟಿಮೀಟರ್ ಹಿಂದಿನಿಂದ ಹೊರಟರೂ 58 ಮೈಕ್ರೋಸೆಕೆಂಡ್ ತಡ, 2000 ಹರ್ಟ್ಜ್‌ನಲ್ಲಿ ಅದು ಸುಮಾರು 42 ಡಿಗ್ರಿ. ಟ್ವೀಟರ್‌ಗೆ ಅಷ್ಟು ಡಿಲೇ ಕೊಡದಿದ್ದರೆ ಎಲ್‌ಆರ್ ಹಾಕಿಯೂ ಮೊತ್ತ ಸಮತಟ್ಟಾಗಿ ಬರಲ್ಲ.

ಎಲ್ಲ ಸರಿ ಕೂತಾಗ ಕ್ರಾಸ್‌ಓವರ್ ಇದೆ ಅಂತಲೇ ಗೊತ್ತಾಗಲ್ಲ, ಹಾಡು ಮಾತ್ರ ಕೇಳುತ್ತೆ. ಒಳ್ಳೆ ಫಿಲ್ಟರ್‌ನ ಲಕ್ಷಣವೇ ಅದು. ಸ್ಟೀಫನ್ ಬಟರ್‌ವರ್ತ್ ಬದುಕಿದ್ದೂ ಹೆಚ್ಚು ಕಡಿಮೆ ಹಾಗೇ.