ಇಂದ್ರಾಳಿಯ ಹೆಜ್ಜೆ ಶಾಲೆ: ಐವತ್ತು ದಾಟಿದ ಯಕ್ಷಗಾನ ಕೇಂದ್ರ

ಮಕ್ಕಳೇ, ಉಡುಪಿಯ ಇಂದ್ರಾಳಿ ಎಂಬಲ್ಲಿ ಒಂದು ಶಾಲೆಯಿದೆ. ಅಲ್ಲಿನ ಹುಡುಗರು ಬೆಳಗಾಗುತ್ತಲೇ ಎದ್ದು, ಮೊಣಕಾಲು ತುಸು ಬಗ್ಗಿಸಿ ನಿಂತು, ಬಾಯಲ್ಲಿ ತಾಳ ಹೇಳಿಕೊಳ್ಳುತ್ತ ಹೆಜ್ಜೆ ಹಾಕುತ್ತಾರೆ. ಆಮೇಲೆ ಸ್ನಾನ, ತಿಂಡಿ. ಅಷ್ಟಾದ ಮೇಲೆ ಚೀಲ ಹೆಗಲಿಗೇರಿಸಿ, ನಿಮ್ಮ ಹಾಗೆಯೇ ಗಣಿತ, ವಿಜ್ಞಾನ ಕಲಿಯಲು ಊರಿನ ಶಾಲೆಗೆ ಹೊರಡುತ್ತಾರೆ. ಸಂಜೆ ಮರಳಿದರೆ ಮತ್ತೆ ಹೆಜ್ಜೆ, ಮತ್ತೆ ತಾಳ, ಜೊತೆಗೆ ಚೆಂಡೆ, ಮದ್ದಳೆ. ಊಟ, ವಸತಿ ಎಲ್ಲ ಗುರುಗಳ ಜೊತೆಗೇ. ಇದು ಉಡುಪಿಯ ಯಕ್ಷಗಾನ ಕೇಂದ್ರ. ಶುರುವಾದದ್ದು 1971ರಲ್ಲಿ, ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ. ಐವತ್ತು ವರ್ಷ ದಾಟಿ ಈಗ ಮುಂದಿನ ದಾರಿ ನೋಡುತ್ತಿದೆ.

ಶಾಲೆಯಿಲ್ಲದ ಕಾಲದಲ್ಲಿ ಯಕ್ಷಗಾನ ಕಲಿಯುತ್ತಿದ್ದುದು ಹೇಗೆ ಗೊತ್ತೇ? ನಿಮ್ಮಷ್ಟೇ ವಯಸ್ಸಿನ ಹುಡುಗ ಮೇಳ ಸೇರುತ್ತಿದ್ದ. ಮೇಳ ಅಂದರೆ ಊರೂರು ತಿರುಗುತ್ತ ರಾತ್ರಿಯಿಡೀ ಆಟ ಆಡುವ ತಂಡ. ಅಲ್ಲಿ ದೊಡ್ಡವರಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತ, ಬಣ್ಣದ ಕೋಣೆಯಾದ ಚೌಕಿಯ ಮೂಲೆಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡುತ್ತ, ರಂಗಸ್ಥಳದ ಪಕ್ಕ ನಿದ್ದೆಗಣ್ಣಲ್ಲಿ ಹೆಜ್ಜೆ ಗಮನಿಸುತ್ತ ಕಲಿಯಬೇಕಿತ್ತು. ಆಟದ ಆರಂಭದಲ್ಲಿ, ಜನ ಇನ್ನೂ ಬಂದು ಕೂರುತ್ತಿರುವಾಗ, ಅವನಿಗೆ ಕೋಡಂಗಿ ವೇಷ ಸಿಗುತ್ತಿತ್ತು. ಕುಣಿತ ಹಿಡಿತಕ್ಕೆ ಬಂದರೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಅರ್ಜುನ, ಕರ್ಣ ಆಗಲು ಎಷ್ಟೋ ವರ್ಷ ಕಾಯಬೇಕು. ಕಲೆ ಬರುತ್ತಿತ್ತು, ಓದು ತಪ್ಪಿಹೋಗುತ್ತಿತ್ತು. ಕೇಂದ್ರದ ಗುರುಗಳಾಗಿ ದೇಶವಿದೇಶಗಳಲ್ಲಿ ಹೆಸರು ಮಾಡಿದ ಬನ್ನಂಜೆ ಸಂಜೀವ ಸುವರ್ಣರೂ ಬಡತನದಿಂದಾಗಿ ಎರಡನೇ ತರಗತಿಗೇ ಶಾಲೆ ಬಿಟ್ಟವರು. ಮುಂದೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೇ ಪಾಠ ಹೇಳಿದರು. ಅವರ ಶಿಷ್ಯರು ಓದನ್ನೂ ಬಿಡಬೇಕಾಗಿಲ್ಲ, ಕುಣಿತವನ್ನೂ ಬಿಡಬೇಕಾಗಿಲ್ಲ. ಈ ಶಾಲೆ ಮಾಡಿದ ಅತಿ ದೊಡ್ಡ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಕೇಂದ್ರದ ಹಿಂದೆ ಇಬ್ಬರು ಹಿರಿಯರಿದ್ದರು. ಒಬ್ಬರು ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು. ಇನ್ನೊಬ್ಬರು ಕೋಟ ಶಿವರಾಮ ಕಾರಂತರು. ಕಾರಂತರ ಕಾದಂಬರಿಗಳ ಹೆಸರನ್ನು ನಿಮ್ಮ ಅಜ್ಜ ಅಜ್ಜಿ ಹೇಳಿಯೇ ಹೇಳುತ್ತಾರೆ. ಆದರೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ. ನಾಟಕ ಕಂಪನಿಗಳ ಥಳುಕು ಬಯಲಾಟದೊಳಗೆ ನುಗ್ಗಿದ್ದು ಅವರಿಗೆ ಸಹಿಸಲಾಗಲಿಲ್ಲ. ಹಳೆಯ ವೇಷ, ಹಳೆಯ ರಾಗಗಳನ್ನು ಹುಡುಕಿಕೊಂಡು ಹೋದರು. ಹಾಗೆಂದು ಅವರು ಏನನ್ನೂ ಮುಟ್ಟದವರಲ್ಲ. ಮಾತನ್ನೇ ಬಿಟ್ಟು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ, ಕೆಲವೇ ಗಂಟೆಗಳಲ್ಲಿ ಮುಗಿಯುವ ಯಕ್ಷಗಾನ ಬ್ಯಾಲೆ ಕಟ್ಟಿದವರೂ ಅವರೇ. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಮಾತಿಲ್ಲದ ಯಕ್ಷಗಾನ ನನಗೂ ಅರ್ಧವೇ ಅನ್ನಿಸುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ವೇಷ. ಕೇಂದ್ರದಲ್ಲಿ ಕಲಿಸುವುದು ಬಡಗುತಿಟ್ಟು, ಅಂದರೆ ಉಡುಪಿ, ಕುಂದಾಪುರ ಕಡೆಯ ಶೈಲಿ. ಇದರಲ್ಲಿ ವೀರರ ತಲೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ ಮುಂಡಾಸು ಕಟ್ಟುತ್ತಾರೆ. ಅಂಗಡಿಯಿಂದ ತಂದು ಇಟ್ಟುಕೊಳ್ಳುವ ಟೋಪಿಯಲ್ಲ ಅದು, ಪ್ರತಿ ಆಟಕ್ಕೂ ಹೊಸದಾಗಿ ಕಟ್ಟಬೇಕು. ಅಭಿಮನ್ಯುವಿನಂಥ ತರುಣರಿಗೆ ಕೇದಗೆ ಮುಂದಲೆ, ಕೇದಗೆ ಹೂವಿನ ಎಸಳಿನ ಹಾಗೆ ಮೇಲೆ ಚೂಪಾಗುವ ಚೆಲುವಾದ ಮುಂಡಾಸು. ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದವು. ಅವುಗಳ ಮೇಲೆ ಬಂಗಾರ ಬಣ್ಣದ ಹಾಳೆ, ಕನ್ನಡಿ ಚೂರುಗಳು. ಕಲಾವಿದರು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಾರೆ. ರಾಕ್ಷಸ ವೇಷದವರು ಮುಖದ ತುಂಬ ಚುಟ್ಟಿ ಎಂಬ ಬಿಳಿ ಚುಕ್ಕೆಗಳನ್ನು ಇಡುತ್ತ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ.

ಇಂಥ ವೇಷಗಳ ಆಟವನ್ನು ನಾನು ನೋಡಿದ್ದು ಕಟಾವಾದ ಗದ್ದೆಯಲ್ಲಿ ಚಾಪೆ ಹಾಸಿ, ಅಮ್ಮಮ್ಮನ ಮಡಿಲಲ್ಲಿ. ಅರ್ಧ ಆಟ ನಿದ್ದೆಯಲ್ಲಿ ಹೋಗುತ್ತಿತ್ತು. ರಾಕ್ಷಸ ಬರುವಾಗ ಚೆಂಡೆ ಜೋರಾಗುತ್ತಿತ್ತು, ದಡಕ್ಕನೆ ಎದ್ದು ಕೂತು ಅಮ್ಮಮ್ಮನ ಸೀರೆ ಸೆರಗು ಹಿಡಿಯುತ್ತಿದ್ದೆ. ಮರುದಿನ ಅಂಗಳದಲ್ಲಿ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು ನಾವೆಲ್ಲ ಕುಣಿದದ್ದೇ ಕುಣಿದದ್ದು. ಕುಣಿಯುವಾಗ ಮಾತೂ ಬರುತ್ತಿತ್ತು. ಆ ಮಾತುಗಳನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಯಕ್ಷಗಾನದ ಜೀವ ಇರುವುದು ಆ ಮಾತಿನಲ್ಲೇ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಅವನ್ನು ಭಾಗವತರು ಹಾಡುತ್ತಾರೆ. ವೇಷಧಾರಿ ಆ ಪದ್ಯದ ಅರ್ಥವನ್ನು ಅಲ್ಲೇ, ಆಗಲೇ, ತನ್ನದೇ ಮಾತಿನಲ್ಲಿ ಹೇಳಬೇಕು. ಬರೆದುಕೊಟ್ಟ ಸಂಭಾಷಣೆ ಇಲ್ಲ. ಎದುರಿನವನು ಏನು ಕೇಳುತ್ತಾನೋ ಗೊತ್ತಿಲ್ಲ, ಆದರೂ ಉತ್ತರಿಸಬೇಕು, ಅದೂ ಒಂದು ಇಂಗ್ಲಿಷ್ ಪದ ನುಸುಳದ ಕನ್ನಡದಲ್ಲಿ. ಯುದ್ಧಕ್ಕೆ ಹೊರಟ ಅಭಿಮನ್ಯುವನ್ನು ಅಮ್ಮ ಸುಭದ್ರೆ ತಡೆಯುತ್ತಾಳೆ. ಅವಳನ್ನು ಹೇಗೆ ಒಪ್ಪಿಸುತ್ತೀರಿ? ಆ ಉತ್ತರವನ್ನು ನೀವೇ ಹುಡುಕಬೇಕು.

ಇದೆಲ್ಲ ಉಡುಪಿ ಕಡೆ ಹುಟ್ಟಿ ಬೆಳೆದವರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಡಿ. ಮಾರ್ಥಾ ಆಷ್ಟನ್ ಎಂಬ ಅಮೆರಿಕದ ಮಹಿಳೆ ಉಡುಪಿಗೆ ಬಂದು ಮದ್ದಳೆಯ ಮಾಂತ್ರಿಕ ಹಿರಿಯಡಕ ಗೋಪಾಲರಾಯರಂಥ ಗುರುಗಳ ಬಳಿ ಯಕ್ಷಗಾನ ಕಲಿತರು. 1977ರಲ್ಲಿ ಅವರ ಇಂಗ್ಲಿಷ್ ಗ್ರಂಥ ಹೊರಬಂತು, ಹೊರದೇಶದ ಎಷ್ಟೋ ಜನರಿಗೆ ಯಕ್ಷಗಾನದ ಪರಿಚಯ ಆದದ್ದು ಅದರಿಂದ. ಗೋಪಾಲರಾಯರು ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಅಂಥ ಹಿರಿಯರ ಕೈಬೆರಳು ಬಲ್ಲ ನಡೆಗಳು ಶಿಷ್ಯರ ಬೆರಳಿಗೆ ಇಳಿಯದಿದ್ದರೆ ಪುಸ್ತಕದಿಂದ ಮರಳಿ ಬರುವುದಿಲ್ಲ.

ಹಾಗಾದರೆ ಐವತ್ತರ ನಂತರ ಏನು? ಕೇಂದ್ರ ಈಗ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಅಂಗ. ಅದರಿಂದ ನೆಲೆ ಭದ್ರವಾಗಿದೆ. ಕಷ್ಟ ಇರುವುದು ಬೇರೆ ಕಡೆ. ಮನೆ ಬಿಟ್ಟು ಗುರುಕುಲದಲ್ಲಿ ವರ್ಷಗಟ್ಟಲೆ ಇರಲು ಮಕ್ಕಳನ್ನು ಕಳಿಸುವ ಅಪ್ಪ ಅಮ್ಮ ಈ ಕಾಲದಲ್ಲಿ ಎಷ್ಟು ಮಂದಿ? ಇಡೀ ರಾತ್ರಿಯ ಆಟಗಳು ಕಾಲಮಿತಿಗೆ ಇಳಿದಿವೆ. ನಿಧಾನದ ಹಳೆಯ ಒಡ್ಡೋಲಗಗಳಿಗೆ, ಅಂದರೆ ಪಾತ್ರಗಳು ರಂಗಕ್ಕೆ ಬರುವಾಗಿನ ಕುಣಿತಗಳಿಗೆ, ಸಮಯ ಸಿಗುತ್ತಿಲ್ಲ. ಸಂತೋಷದ ಸಂಗತಿಯೂ ಇದೆ. ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮೂಲಕ ನೂರಾರು ಮಕ್ಕಳು ಹೆಜ್ಜೆ ಕಲಿತು ರಂಗಕ್ಕೆ ಬರುತ್ತಿದ್ದಾರೆ. ಒಂದು ಕಾಲಕ್ಕೆ ಗಂಡಸರದ್ದೇ ಆಗಿದ್ದ ರಂಗಸ್ಥಳದಲ್ಲಿ ಹೆಣ್ಣುಮಕ್ಕಳು ಈಗ ಕೃಷ್ಣ, ಅರ್ಜುನರಾಗಿ ಚೆಂಡೆಗೆ ಸರಿಸಮ ಕುಣಿಯುತ್ತಾರೆ. ಶಾಲೆಗಳಲ್ಲಿ ಹೆಜ್ಜೆ ಹರಡಲಿ. ಆಳವಾಗಿ ಕಲಿಯಬೇಕೆನ್ನುವ ನಾಲ್ಕು ಮಕ್ಕಳಿಗಾಗಿ ಇಂದ್ರಾಳಿಯ ಗುರುಕುಲವೂ ಉಳಿಯಲಿ. ಎರಡೂ ಬೇಕು.

ಊರಿಂದ ದೂರ ಇರುವ ನಮ್ಮ ಕನ್ನಡ ಕೂಟದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ರಾಜ್ಯೋತ್ಸವ ಹತ್ತಿರ ಬಂದಾಗ ನಾವು ಹತ್ತು ನಿಮಿಷದ ಐಟಂ ಕೇಳುತ್ತೇವೆ. ವೇಷ ಬಾಡಿಗೆಗೆ ತಂದು, ಧ್ವನಿಮುದ್ರಿತ ಮಾತಿಗೆ ಮಕ್ಕಳು ತುಟಿ ಆಡಿಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ಆ ಮಗುವಿಗೆ ಏನು ದಕ್ಕಿತು? ಕೇಂದ್ರದಲ್ಲಿ ಹೆಜ್ಜೆ ಮೊದಲು, ವೇಷ ಕೊನೆಗೆ. ನಾವೂ ಹಾಗೆಯೇ ಮಾಡೋಣ. ಶನಿವಾರದ ಕನ್ನಡ ತರಗತಿಯಲ್ಲಿ ಅರ್ಧ ಗಂಟೆ ತೆಗೆದಿಡೋಣ. ಮೊದಲು ಕೈಯಲ್ಲಿ ಏಕತಾಳ, ಆದಿತಾಳ, ಆಮೇಲೆ ಕಾಲಲ್ಲಿ. ಸುಭದ್ರೆ, ಅಭಿಮನ್ಯುವಿನ ಕಥೆ ಹೇಳಿ, ಅವರ ವಾದವನ್ನು ಮಕ್ಕಳೇ ಬಂದಷ್ಟು ಕನ್ನಡದಲ್ಲಿ ಆಡಲಿ. ತಪ್ಪಾದರೆ ಆಗಲಿ. ಬಾಯಿಪಾಠ ಮಾತ್ರ ಬೇಡ.

ಇನ್ನೊಂದು. ನಮ್ಮ ರಜೆ ಬರುವುದು ಜೂನ್, ಜುಲೈಯಲ್ಲಿ. ಅಷ್ಟರಲ್ಲಿ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಬಯಲಾಟ ಇರುವುದಿಲ್ಲ. ಎಷ್ಟೋ ಮಕ್ಕಳು ಊರಿಗೆ ಹೋಗಿಯೂ ಒಂದು ಆಟ ನೋಡದೆ ಬಂದಿದ್ದಾರೆ. ಮಳೆಗಾಲದಲ್ಲಿ ಹೋದವರು ತಾಳಮದ್ದಳೆ ಎಲ್ಲಿದೆ ಎಂದು ವಿಚಾರಿಸಿ, ವೇಷ, ಕುಣಿತ ಇಲ್ಲದೆ ಹಾಡು, ಮಾತುಗಳಲ್ಲೇ ನಡೆಯುವ ಆಟ ಅದು. ಮೊದಲೇ ಕೇಳಿಕೊಂಡು ಇಂದ್ರಾಳಿಗೂ ಹೋಗಿ, ಮಕ್ಕಳ ಅಭ್ಯಾಸ ನೋಡಿ. ಡಿಸೆಂಬರಿನಲ್ಲಿ ಹೋಗುವವರಿಗೆ ಹರಕೆಯ ಆಟ ಒಂದಾದರೂ ಹತ್ತಿರದಲ್ಲೇ ಸಿಗುತ್ತದೆ. ಚೌಕಿಯೊಳಗೆ ಹೋಗುವ ಮುನ್ನ ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಡಿ. ಗಣಪತಿಗೆ ಪೂಜೆಯಾಗುವ ಜಾಗ ಅದು.