ಪ್ಲೇಗಿನ ಲಸಿಕೆ ನೀಡಿದ ಹಾಫ್ಕಿನ್ ಹೊತ್ತ ಕಳಂಕ

ಉಗಾರ ಖುರ್ದ: 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಮುಂದೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಜನರನ್ನು ಊರು ಬಿಡಿಸಿ ಹೊಲದ ಗುಡಿಸಲುಗಳಿಗೆ ಅಟ್ಟಿತು. ಅದಕ್ಕೆ ಲಸಿಕೆ ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್ಕಿನ್. 1860ರಲ್ಲಿ ಒಡೆಸಾದಲ್ಲಿ ಜನಿಸಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದ ಈ ಯಹೂದಿ ವಿಜ್ಞಾನಿ ವೈದ್ಯ ಪದವೀಧರರಲ್ಲ. 1897ರ ಜನವರಿ 10ರಂದು ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಪಡೆದರು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ತುತ್ತಾಗಿ ಅಸುನೀಗಿದರು. ಉಳಿದ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಆದರೂ ಸರ್ಕಾರದ ತನಿಖಾ ಆಯೋಗ ಮುಂಬಯಿಯ ಪ್ರಯೋಗಾಲಯದತ್ತಲೇ ಬೆರಳು ತೋರಿತು; ಕಾರ್ಬಾಲಿಕ್ ಆಮ್ಲ ಬೆರೆಸದೆ ಶಾಖವನ್ನೇ ನೆಚ್ಚಿದ್ದು ತಪ್ಪೆಂದಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು. ಗ್ರಾಮದಲ್ಲಿ ಸೀಸೆ ತೆರೆಯುವಾಗ ಸಹಾಯಕನ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು ಎಂಬ ಸಾಕ್ಷ್ಯಕ್ಕೆ ತಕ್ಕ ಬೆಲೆ ಸಿಗಲಿಲ್ಲ. ಒಂದು ಚಿಮಟದ ಅಜಾಗರೂಕತೆಗೆ ಐದು ವರ್ಷಗಳ ಅಪವಾದ!

ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ದನಿಯೆತ್ತಿದ ಬಳಿಕ, 1907ರಲ್ಲಿ ಹಾಫ್ಕಿನ್ ನಿರ್ದೋಷಿಯೆನಿಸಿದರು. ಆದರೆ ದೊರೆತದ್ದು ತಾವು ಕಟ್ಟಿದ ಮುಂಬಯಿ ಪ್ರಯೋಗಾಲಯವಲ್ಲ, ಕಲ್ಕತ್ತೆಯ ಹುದ್ದೆ. ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ನಿಧನರಾದರು.